ಸಾಲ ತೀರಿಸುವ ಸರ್ಕಾರ, ಹಳ್ಳಿಗೆ ಹೋಗುವ ಡಾಕ್ಟರು

ಅಮೆರಿಕದಲ್ಲಿ ಸಾಲ ಮಾಡಿ ವೈದ್ಯ ಪದವಿ ಮುಗಿಸಿದವರ ತಲೆಯ ಮೇಲೆ ಇಂದು ಸುಮಾರು 2 ಲಕ್ಷ ಡಾಲರ್ ಹೊರೆ ಇರುತ್ತದೆ. ಅದೇ ದೇಶದ ಮಿಸಿಸಿಪ್ಪಿ ಡೆಲ್ಟಾದಲ್ಲಿ, ಮೊಂಟಾನಾದ ಹಳ್ಳಿಗಳಲ್ಲಿ, ದೊಡ್ಡ ನಗರಗಳ ಬಡ ಬಡಾವಣೆಗಳಲ್ಲಿ ಜ್ವರ ಬಂದರೆ ತೋರಿಸಲು ಡಾಕ್ಟರು ಸಿಗುವುದು ಕಷ್ಟ. ಒಬ್ಬರ ಸಾಲಕ್ಕೂ ಇನ್ನೊಬ್ಬರ ಕೊರತೆಗೂ ಗಂಟು ಹಾಕಿದರೆ ಹೇಗೆ? ‘ನೀನು ಅಲ್ಲಿ ಕೆಲಸ ಮಾಡು, ನಿನ್ನ ಸಾಲ ನಾನು ತೀರಿಸುತ್ತೇನೆ’ ಎಂದು ಸರ್ಕಾರವೇ ಹೇಳಿದರೆ? ಸರಳವಾಗಿ ಕಾಣುವ ಈ ಮಾತಿಗೆ ಅಮೆರಿಕ ಬಂದು ತಲುಪಿದ್ದು ಹದಿನೇಳು ವರ್ಷ ಬೇರೆ ಬೇರೆ ದಾರಿ ತುಳಿದ ಮೇಲೆ.

1965ರಲ್ಲಿ ಅಲ್ಲಿ ಮೆಡಿಕೇರ್, ಮೆಡಿಕೈಡ್ ಯೋಜನೆಗಳು ಬಂದವು. ವಯಸ್ಸಾದವರ, ಬಡವರ ಚಿಕಿತ್ಸೆಯ ಖರ್ಚನ್ನು ಸರ್ಕಾರ ಹೊತ್ತುಕೊಂಡಿತು. ಆದರೆ ಖರ್ಚು ಕೊಡುವವರು ಇದ್ದ ಮಾತ್ರಕ್ಕೆ ಊರಿಗೆ ಡಾಕ್ಟರು ಬರುವುದಿಲ್ಲ. ಆಗ ವಿಯೆಟ್ನಾಂ ಯುದ್ಧದ ಕಾಲ. ಯುವ ವೈದ್ಯರನ್ನೂ ಸೇನೆಗೆ ಕಡ್ಡಾಯವಾಗಿ ಸೇರಿಸಿಕೊಳ್ಳುತ್ತಿದ್ದರು. ಸೇನೆಯ ಬದಲು ಸಾರ್ವಜನಿಕ ಆರೋಗ್ಯ ಸೇವೆಯಲ್ಲಿ ಎರಡು ವರ್ಷ ದುಡಿದರೂ ಆ ಋಣ ತೀರುತ್ತಿತ್ತು. ಈ ವೈದ್ಯರನ್ನು ಡಾಕ್ಟರಿಲ್ಲದ ಊರುಗಳಿಗೆ ಯಾಕೆ ಕಳಿಸಬಾರದು ಎಂಬ ಯೋಚನೆಯನ್ನು ಸಿಯಾಟಲ್‌ನ ಮಕ್ಕಳ ವೈದ್ಯ ಏಬ್ ಬರ್ಗ್‌ಮನ್ ಮುಂದಿಟ್ಟರು. ವಾಷಿಂಗ್ಟನ್ ರಾಜ್ಯದ ಸೆನೆಟರ್ ವಾರೆನ್ ಮ್ಯಾಗ್ನುಸನ್ ಅದನ್ನು ಮಸೂದೆಯಾಗಿಸಿದರು. ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ್ದು 1970ರ ಡಿಸೆಂಬರ್ 31ರಂದು. ಹೀಗೆ ಹುಟ್ಟಿದ್ದು ನ್ಯಾಷನಲ್ ಹೆಲ್ತ್ ಸರ್ವಿಸ್ ಕೋರ್. ಮ್ಯಾಗ್ನುಸನ್ ಕಚೇರಿಯಲ್ಲಿದ್ದ ಎರಿಕ್ ರೆಡ್‌ಮನ್ ಎಂಬ ತರುಣ ಈ ಮಸೂದೆಯ ಪಾಡನ್ನೇ ‘ದ ಡ್ಯಾನ್ಸ್ ಆಫ್ ಲೆಜಿಸ್ಲೇಷನ್’ ಎಂಬ ಪುಸ್ತಕವಾಗಿ ಬರೆದ. ಅದನ್ನು ರಾಜ್ಯಶಾಸ್ತ್ರದ ತರಗತಿಗಳಲ್ಲಿ ಓದಿಸುತ್ತ ಬಂದಿದ್ದಾರೆ.

ಆದರೆ ಈ ಕಟ್ಟಡದ ಅಡಿಪಾಯ ಯುದ್ಧವಾಗಿತ್ತು. 1973ರಲ್ಲಿ ಕಡ್ಡಾಯ ಸೇನಾ ಭರ್ತಿ ನಿಂತಿತು, ಅದರೊಂದಿಗೆ ಹಳ್ಳಿಗೆ ಹೋಗುವ ಕಾರಣವೂ ಹೋಯಿತು. ಇದನ್ನು ಮೊದಲೇ ಊಹಿಸಿದ್ದ ಸಂಸತ್ತು 1972ರಲ್ಲೇ ಎರಡನೇ ದಾರಿ ಹುಡುಕಿತ್ತು: ವಿದ್ಯಾರ್ಥಿವೇತನ. ಓದುವಾಗ ಫೀಸನ್ನು ಸರ್ಕಾರ ಕಟ್ಟುತ್ತದೆ, ಓದು ಮುಗಿದ ಮೇಲೆ ಸರ್ಕಾರ ಹೇಳಿದಂಥ ಕಡೆ ಸೇವೆ ಮಾಡಬೇಕು. 1976ರ ಕಾನೂನು ಈ ಯೋಜನೆಯನ್ನು ದೊಡ್ಡದು ಮಾಡಿತು, ಬಿಗಿಯನ್ನೂ ಹೆಚ್ಚಿಸಿತು. ಮಾತಿಗೆ ತಪ್ಪಿದವರು ಪಡೆದ ಹಣದ ಮೂರು ಪಟ್ಟನ್ನು ಬಡ್ಡಿ ಸಮೇತ ಕಟ್ಟಬೇಕಾಯಿತು.

ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳಿತು. ದೇಶದಲ್ಲಿ ಒಟ್ಟಾರೆ ವೈದ್ಯರ ಕೊರತೆ ಇಲ್ಲ, ಇರುವವರು ಸರಿಯಾಗಿ ಹಂಚಿಹೋಗಿಲ್ಲ, ಆದ್ದರಿಂದ ವಿದೇಶಿ ವೈದ್ಯರಿಗೆ ವಲಸೆಯಲ್ಲಿ ಇದ್ದ ಆದ್ಯತೆ ಇನ್ನು ಬೇಡ ಎಂದಿತು. 1965ರ ನಂತರ ಸಲೀಸಾಗಿ ಹೋಗುತ್ತಿದ್ದ ಭಾರತೀಯ ವೈದ್ಯರಿಗೆ ಬಾಗಿಲು ಕಿರಿದಾದದ್ದು ಹೀಗೆ.

1980ರಲ್ಲಿ ಸರ್ಕಾರಿ ಸಮಿತಿಯೊಂದು, 1990ರ ಹೊತ್ತಿಗೆ 70,000 ವೈದ್ಯರು ಹೆಚ್ಚಾಗಿಬಿಡುತ್ತಾರೆ ಎಂದು ಲೆಕ್ಕ ಹಾಕಿತು. ಅಷ್ಟು ಜನ ಹೆಚ್ಚಾದರೆ ಪೈಪೋಟಿಯಿಂದ ತಾವಾಗಿಯೇ ಸಣ್ಣ ಊರುಗಳಿಗೆ ಹರಿದುಬರುತ್ತಾರೆ ಎಂಬ ವಾದ ರೇಗನ್ ಆಡಳಿತಕ್ಕೆ ಹಿಡಿಸಿತು. ಹೊಸ ವಿದ್ಯಾರ್ಥಿವೇತನಗಳನ್ನು ಕಡಿಯುತ್ತ ಹೋದರು, ದಶಕದ ಕೊನೆಗೆ ಉಳಿದದ್ದು ಹೆಸರಿಗಷ್ಟೇ. ಕೆರೆ ತುಂಬಿದರೆ ಕೋಡಿ ಹರಿಯುತ್ತದೆ ಎಂಬ ಈ ಲೆಕ್ಕ ವೈದ್ಯರ ವಿಷಯದಲ್ಲಿ ಕೆಲವು ಊರುಗಳಿಗೆ ನಿಜವಾಯಿತು, ತೀರ ಬಡ ಊರುಗಳಿಗೆ ಆಗಲಿಲ್ಲ. ಅಲ್ಲಿ ರೋಗಿಗಳಿದ್ದರು, ಫೀಸು ಕೊಡುವ ಶಕ್ತಿ ಇರಲಿಲ್ಲ.

ಸಾಲ ತೀರಿಸುವ ಯೋಜನೆ ಬಂದದ್ದು 1987ರಲ್ಲಿ. ವಿದ್ಯಾರ್ಥಿವೇತನಕ್ಕೂ ಇದಕ್ಕೂ ಹಣದ ಮಟ್ಟಿಗೆ ಅಂಥ ವ್ಯತ್ಯಾಸವಿಲ್ಲ, ವ್ಯತ್ಯಾಸವಿರುವುದು ಮಾತು ಕೊಡುವ ಹೊತ್ತಿನಲ್ಲಿ. ವಿದ್ಯಾರ್ಥಿವೇತನ ಪಡೆಯುವವರು ಇಪ್ಪತ್ತೆರಡು, ಇಪ್ಪತ್ತಮೂರರ ವಯಸ್ಸಿನಲ್ಲಿ ಏಳೆಂಟು ವರ್ಷ ಮುಂದಿನ ಬದುಕಿಗೆ ಸಹಿ ಹಾಕುತ್ತಾರೆ. ಆಮೇಲೆ ಮದುವೆ, ಮಕ್ಕಳು, ಸಂಗಾತಿಯ ನೌಕರಿ, ಬದಲಾದ ಆಸಕ್ತಿ. ಸಾಲ ತೀರಿಸುವ ಯೋಜನೆಗೆ ಅರ್ಜಿ ಹಾಕುವವರು ಓದು ಮುಗಿಸಿರುತ್ತಾರೆ, ತಾವು ಯಾರೆಂದು ತಿಳಿದಿರುತ್ತದೆ, ಪಟ್ಟಿಯಲ್ಲಿರುವ ಊರುಗಳಲ್ಲಿ ತಮಗೆ ಹೊಂದುವುದನ್ನು ತಾವೇ ಹುಡುಕಿಕೊಳ್ಳುತ್ತಾರೆ. ಸರ್ಕಾರಕ್ಕೂ ಅನುಕೂಲವೇ: ಇಂದು ಕೊಟ್ಟ ಹಣಕ್ಕೆ ಇಂದೇ ಡಾಕ್ಟರು ಸಿಗುತ್ತಾರೆ. ಡೊನಾಲ್ಡ್ ಪಾಥ್‌ಮನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನ, ಕೋರ್ ಕಳಿಸಿದ್ದ ವೈದ್ಯರು ಸ್ವಂತ ಇಚ್ಛೆಯಿಂದ ಹಳ್ಳಿಗೆ ಬಂದವರಿಗಿಂತ ಬೇಗ ಊರು ಬಿಡುತ್ತಿದ್ದರು ಎಂದು ತೋರಿಸಿತ್ತು. ಮುಂದಿನ ವರ್ಷಗಳಲ್ಲಿ ಸಾಲ ತೀರಿಸುವ ದಾರಿಯೇ ಹೆದ್ದಾರಿಯಾಯಿತು. 2004ರಲ್ಲಿ ಈ ಹಣಕ್ಕೆ ಆದಾಯ ತೆರಿಗೆಯಿಂದ ವಿನಾಯಿತಿ ಸಿಕ್ಕಿತು. 2010ರ ಒಬಾಮ ಆರೋಗ್ಯ ಕಾನೂನು ಐದು ವರ್ಷಕ್ಕೆ 150 ಕೋಟಿ ಡಾಲರ್ ಇಟ್ಟಿತು. ಈಗ ಇದರಲ್ಲಿ ದಾದಿಯರೂ ಇದ್ದಾರೆ, ದಂತವೈದ್ಯರೂ ಇದ್ದಾರೆ, ಮಾನಸಿಕ ಆರೋಗ್ಯದ ಆಪ್ತ ಸಲಹೆಗಾರರೂ ಇದ್ದಾರೆ. 2024ರಿಂದ ಪ್ರಾಥಮಿಕ ಚಿಕಿತ್ಸೆಯ ವೈದ್ಯರಿಗೆ ಎರಡು ವರ್ಷದ ಸೇವೆಗೆ 75,000 ಡಾಲರ್‌ವರೆಗೆ ಸಿಗುತ್ತದೆ.

ಇಷ್ಟಾದರೂ ಖಾಲಿ ಉಳಿದ ಊರುಗಳಿಗೆ ಅಮೆರಿಕ ಇನ್ನೊಂದು ಬಗೆಯ ಋಣವನ್ನು ಬಳಸಿಕೊಂಡಿತು. ಜೆ-1 ವೀಸಾದಲ್ಲಿ ತರಬೇತಿ ಪಡೆದ ವಿದೇಶಿ ವೈದ್ಯರು ಎರಡು ವರ್ಷ ತಾಯ್ನಾಡಿಗೆ ಮರಳಬೇಕು. ನಾರ್ತ್ ಡಕೋಟಾದ ಸೆನೆಟರ್ ಕೆಂಟ್ ಕಾನ್‌ರಾಡ್ ಅವರ ಹೆಸರಿನ 1994ರ ಯೋಜನೆಯಲ್ಲಿ, ಕೊರತೆಯ ಊರಿನಲ್ಲಿ ಮೂರು ವರ್ಷ ದುಡಿದರೆ ಈ ನಿಯಮ ಮನ್ನಾ. ರಾಜ್ಯಕ್ಕೆ ವರ್ಷಕ್ಕೆ 20 ಮಂದಿ ಎಂದಿದ್ದದ್ದು ಆಮೇಲೆ 30 ಆಯಿತು. ಮಣಿಪಾಲ, ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಓದಿದ ನಮ್ಮವರು ಕೇಳರಿಯದ ಅಮೆರಿಕನ್ ಸಣ್ಣ ಊರುಗಳಲ್ಲಿ ಯಾಕಿದ್ದಾರೆ ಎಂಬುದಕ್ಕೆ ಈ ಕಾನೂನೂ ಒಂದು ಕಾರಣ. 1976ರಲ್ಲಿ ಬೇಡವೆಂದವರನ್ನೇ 1994ರಲ್ಲಿ ಅಲ್ಲಿಯವರು ಹೋಗದ ಜಾಗಕ್ಕೆ ಕರೆದಂತಾಯಿತು. ಅಲ್ಲಿನ ಹಳ್ಳಿಗೆ ಸಿಕ್ಕ ಡಾಕ್ಟರು ನಮ್ಮ ಹಳ್ಳಿಗೆ ಸಿಗದವರೂ ಹೌದು.

ಕರ್ನಾಟಕ ಹಿಡಿದದ್ದು ಕಡ್ಡಾಯದ ದಾರಿ. ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂಬ ಕಾನೂನು 2012ರದು. ಹಲವು ರಾಜ್ಯಗಳ ಇಂಥ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಸರ್ಕಾರಿ ಸೀಟಿನಲ್ಲಿ ಕಡಿಮೆ ಫೀಸಿಗೆ ಓದಿದವರಿಂದ ಜನ ಸೇವೆ ಕೇಳುವುದು ನ್ಯಾಯವೇ. ಆದರೆ ಜಮೀನು ಅಡವಿಟ್ಟು ಖಾಸಗಿ ಸೀಟು ಪಡೆದವರ ಮನೆಯಲ್ಲಿ ಆ ಒಂದು ವರ್ಷವೂ ಬ್ಯಾಂಕಿನ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಅಂಥವರನ್ನು ದಂಡದ ಭಯದಿಂದ ಒಂದು ವರ್ಷ ತಡೆಯಬಹುದು. ಎರಡನೇ ವರ್ಷವೂ ಅದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅವರು ಕೂರಬೇಕಾದರೆ, ಆ ಬಡ್ಡಿಯ ಲೆಕ್ಕವನ್ನು ಸರ್ಕಾರ ಯಾವತ್ತಾದರೂ ತೆಗೆದು ನೋಡಲೇಬೇಕು.