ನಿಮ್ಮನೆ ನಾಯಿ ಆಸ್ಪತ್ರೆಗೆ ಹೋಗಿ ರೋಗಿಗಳನ್ನ ನಗಿಸಬಹುದಾ? 'ಥೆರಪಿ ಡಾಗ್' ತರಬೇತಿ, ಸರ್ಟಿಫಿಕೇಟ್ ಬಗ್ಗೆ ಪೂರ್ತಿ ಮಾಹಿತಿ ಇಲ್ಲಿದೆ

ಆಸ್ಪತ್ರೆ ಹಾಸಿಗೆ ಮೇಲೆ ಅಜ್ಜಿ, ಪಕ್ಕದಲ್ಲಿ ತಲೆ ಒರಗಿಸಿ ನಿಂತ ನಾಯಿ, ಅದರ ಕೊರಳಲ್ಲೊಂದು ಐಡಿ ಕಾರ್ಡ್. ಅಮೆರಿಕದಲ್ಲಿರೋ ಮಕ್ಕಳು ವಾಟ್ಸಾಪ್‌ನಲ್ಲಿ ಕಳಿಸುವ ಇಂಥ ಫೋಟೊ ನೋಡಿದ ಕೂಡಲೇ ಇಲ್ಲಿನವರು ಕೇಳೋದು ಒಂದೇ ಪ್ರಶ್ನೆ: 'ನಾಯಿನ ವಾರ್ಡ್ ಒಳಗೆ ಬಿಟ್ಟಿದ್ಯಾರು?'

ಸುಮ್ಮನೆ ಯಾರೂ ಬಿಡೋದಿಲ್ಲ. ಅದಕ್ಕೆ ತರಬೇತಿ ಇದೆ, ವೈದ್ಯರ ತಪಾಸಣೆ ಇದೆ, ಪರೀಕ್ಷೆನೂ ಇದೆ. ಪರೀಕ್ಷೆ ಬರೀ ನಾಯಿಗಲ್ಲ, ಹಗ್ಗ ಹಿಡಿದ ಮಾಲೀಕರಿಗೂ ಇರುತ್ತೆ. ಇದು ಹೇಗೆ ನಡೆಯುತ್ತೆ, ನಮ್ಮ ಕಡೆಯವರು ಇದರಲ್ಲಿ ಏನು ಕಲಿಯಬಹುದು ಅನ್ನೋದು ಇಲ್ಲಿದೆ.

ಥೆರಪಿ ಡಾಗ್ ಅಂದ್ರೆ ಏನು?

ಮನೆಯಲ್ಲಿ ಸಾಕಿದ ನಾಯಿಯನ್ನ ಅದರ ಮಾಲೀಕರೇ ಆಸ್ಪತ್ರೆ, ವೃದ್ಧಾಶ್ರಮ, ಶಾಲೆಗಳಿಗೆ ಕರ್ಕೊಂಡು ಹೋಗಿ, ಅಲ್ಲಿರೋ ಜನರ ಜೊತೆ ಸ್ವಲ್ಪ ಹೊತ್ತು ಬಿಡೋದು. ಸಂಬಳ ಇಲ್ಲ, ಪೂರ್ತಿ ಸ್ವಯಂಸೇವೆ.

ಇದನ್ನ 'ಸರ್ವಿಸ್ ಡಾಗ್' ಜೊತೆ ಗೊಂದಲ ಮಾಡ್ಕೋಬಾರದು. ಕಣ್ಣು ಕಾಣದವರಿಗೆ ದಾರಿ ತೋರಿಸೋ ನಾಯಿ ಸರ್ವಿಸ್ ಡಾಗ್. ಅದು ಒಬ್ಬರಿಗಾಗಿಯೇ ಕೆಲಸ ಮಾಡುತ್ತೆ. ಅಮೆರಿಕದ ಕಾನೂನು ಅದಕ್ಕೆ ಹೋಟೆಲ್, ಅಂಗಡಿ, ಬಸ್ಸಿಗೆ ಹೋಗುವ ಹಕ್ಕು ಕೊಟ್ಟಿದೆ. ಥೆರಪಿ ಡಾಗ್‌ಗೆ ಆ ಹಕ್ಕಿಲ್ಲ. ಕರೆದ ಕಡೆ ಮಾತ್ರ ಹೋಗಬೇಕು.

ಶುರುವಾಗಿದ್ದು ಹೀಗೆ

ಎರಡನೇ ಮಹಾಯುದ್ಧದ ಕಾಲ. 1944ರಲ್ಲಿ ನ್ಯೂಗಿನಿಯ ಕಾಡಿನಲ್ಲಿ ಸಿಕ್ಕ ಸ್ಮೋಕಿ ಅನ್ನೋ ಪುಟ್ಟ ಯಾರ್ಕ್‌ಷೈರ್ ಟೆರಿಯರ್ ನಾಯಿಯನ್ನ ಬಿಲ್ ವಿನ್ ಎಂಬ ಅಮೆರಿಕನ್ ಸೈನಿಕ ಸಾಕಿದ. ತೂಕ ಎರಡು ಕೆ.ಜಿ.ಗೂ ಕಮ್ಮಿ. ವಿನ್ ಆಸ್ಪತ್ರೆ ಸೇರಿದಾಗ ಗೆಳೆಯರು ಸ್ಮೋಕಿಯನ್ನ ಅಲ್ಲಿಗೆ ತಂದರು. ಆಮೇಲೆ ಅದು ಗಾಯಾಳು ಸೈನಿಕರ ವಾರ್ಡ್‌ಗಳಲ್ಲಿ ಓಡಾಡಿತು.

1960ರ ದಶಕದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ತಮ್ಮ ಜಿಂಗಲ್ಸ್ ನಾಯಿ ಕೋಣೆಯಲ್ಲಿದ್ದಾಗ ಮಾತಾಡದ ಮಗುವೂ ಹತ್ತಿರ ಬರುತ್ತೆ ಅನ್ನೋದನ್ನ ಗಮನಿಸಿ ಬರೆದರು. 1976ರಲ್ಲಿ ನ್ಯೂಜೆರ್ಸಿಯ ನರ್ಸ್ ಎಲೇನ್ ಸ್ಮಿತ್ 'ಥೆರಪಿ ಡಾಗ್ಸ್ ಇಂಟರ್‌ನ್ಯಾಷನಲ್' ಶುರು ಮಾಡಿದರು. 1977ರಲ್ಲಿ ಹುಟ್ಟಿದ ಇನ್ನೊಂದು ಸಂಸ್ಥೆ ಡೆಲ್ಟಾ ಸೊಸೈಟಿ ಅಂತ ಹೆಸರಾಗಿ, 2012ರಿಂದ 'ಪೆಟ್ ಪಾರ್ಟ್ನರ್ಸ್' ಆಗಿದೆ.

ಯಾವ ನಾಯಿ ಆಗುತ್ತೆ?

ತಳಿ ಮುಖ್ಯ ಅಲ್ಲ. ಲ್ಯಾಬ್ರಡಾರ್ ಆಗಬಹುದು, ಬೀದಿಯಿಂದ ತಂದು ಸಾಕಿದ ನಾಡ ನಾಯಿನೂ ಆಗಬಹುದು. ಮುಖ್ಯವಾಗಿ ಬೇಕಾಗೋದು ಸ್ವಭಾವ. ಅಪರಿಚಿತರನ್ನ ಸಹಿಸಿಕೊಂಡರೆ ಸಾಲದು, ಅವರ ಹತ್ತಿರ ತಾನಾಗೇ ಹೋಗಬೇಕು. ಮನೆಯವರ ಹತ್ತಿರ ಮುದ್ದು, ಬೇರೆಯವರು ಬಂದ್ರೆ ಮಂಚದ ಕೆಳಗೆ ಅನ್ನೋ ನಾಯಿ ಒಳ್ಳೆ ನಾಯಿನೇ, ಆದ್ರೆ ಈ ಕೆಲಸಕ್ಕಲ್ಲ.

ಪೆಟ್ ಪಾರ್ಟ್ನರ್ಸ್ ನಿಯಮದ ಪ್ರಕಾರ:

- ನಾಯಿಗೆ ಕನಿಷ್ಠ 1 ವರ್ಷ ಆಗಿರಬೇಕು
- ಮಾಲೀಕರ ಮನೆಯಲ್ಲಿ ಕನಿಷ್ಠ 6 ತಿಂಗಳು ಇದ್ದಿರಬೇಕು
- ರೇಬಿಸ್ ಲಸಿಕೆ ಆಗಿರಬೇಕು, ಪಶುವೈದ್ಯರು ಪರೀಕ್ಷೆ ಮಾಡಿ ಸಹಿ ಹಾಕಬೇಕು
- ಹಸಿ ಮಾಂಸ ತಿನ್ನಿಸ್ತಿರಬಾರದು, ಯಾಕಂದ್ರೆ ಅದರ ಬ್ಯಾಕ್ಟೀರಿಯಾ ರೋಗಿಗೆ ಅಪಾಯ
- ಯಾರನ್ನೂ ಕಚ್ಚಿದ ಇತಿಹಾಸ ಇರಬಾರದು

ಮನೆಯಲ್ಲಿ ಏನೇನು ಕಲಿಸಬೇಕು?

ಮೊದಲು ಕೂರು, ಮಲಗು, ನಿಲ್ಲು, ಬಾ. ಹಗ್ಗ ಜಗ್ಗದೆ ಪಕ್ಕದಲ್ಲೇ ನಡೆಯೋದು. ಹೊಡೆದು ಕಲಿಸಿದ ನಾಯಿ ಹೆದರಿಕೆಯಿಂದ ಸುಮ್ಮನಿರುತ್ತೆ, ಹೆದರಿಕೆ ಜಾಸ್ತಿಯಾದ ದಿನ ಕಚ್ಚುತ್ತೆ. ಅದಕ್ಕೇ ಸರಿಯಾಗಿ ಮಾಡಿದಾಗ ಒಂದು ತುಂಡು ತಿಂಡಿ, ಒಂದು ಒಳ್ಳೆ ಮಾತು ಕೊಟ್ಟು ಕಲಿಸೋದು.

ಎರಡನೇದು, 'ಬಿಡು' ಅಂದ್ರೆ ಬಿಡೋದು. ಆಸ್ಪತ್ರೆ ನೆಲದ ಮೇಲೆ ಬಿದ್ದ ಒಂದು ಮಾತ್ರೆ ನಾಯಿಯ ಜೀವ ತೆಗೀಬಹುದು. ಎಲ್ಲಾ ಪಾಠಗಳಲ್ಲಿ ಇದೇ ದೊಡ್ಡದು.

ಮೂರನೇದು ಅಭ್ಯಾಸ. ವ್ಹೀಲ್‌ಚೇರ್, ಊರುಗೋಲು, ಸ್ಟೀಲ್ ತಟ್ಟೆ ಬಿದ್ದ ಸದ್ದು, ಜಾರುವ ಟೈಲ್ಸ್ ನೆಲ, ಲಿಫ್ಟ್. ಮರಿ ಇದ್ದಾಗ, ಅಂದ್ರೆ ಮೊದಲ ಮೂರು ತಿಂಗಳಲ್ಲಿ ಕಂಡ ಜನ, ಕೇಳಿದ ಸದ್ದು ನಾಯಿಗೆ ಬೇಗ ಒಗ್ಗುತ್ತೆ. ದೊಡ್ಡದಾದ ಮೇಲೂ ಕಲಿಸಬಹುದು, ಆದ್ರೆ ನಿಧಾನ. ಸಂತೆಯ ಗದ್ದಲಕ್ಕೆ ಒಮ್ಮೆಲೇ ನುಗ್ಗಿಸಬಾರದು. ದೂರ ನಿಂತು ನೋಡಿಸಿ, ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಹೋಗಬೇಕು.

ಪರೀಕ್ಷೆ ಹೇಗಿರುತ್ತೆ?

ಅಮೆರಿಕನ್ ಕೆನಲ್ ಕ್ಲಬ್ 1989ರಲ್ಲಿ 'ಕೆನೈನ್ ಗುಡ್ ಸಿಟಿಜನ್' ಅನ್ನೋ ಪರೀಕ್ಷೆ ತಂತು. ಒಟ್ಟು 10 ಹಂತ. ಅಪರಿಚಿತರು ಬಂದು ಮಾಲೀಕರ ಕೈ ಕುಲುಕಿದಾಗ ಸುಮ್ಮನಿರೋದು, ಮುಟ್ಟಿಸಿಕೊಳ್ಳೋದು, ಜನರ ನಡುವೆ ನಡೆಯೋದು, ಇನ್ನೊಂದು ನಾಯಿ ಎದುರಾದ್ರೂ ಗಲಾಟೆ ಮಾಡದಿರೋದು, ಮಾಲೀಕರು 3 ನಿಮಿಷ ಮರೆಯಾದ್ರೂ ಬೊಗಳದೆ ಇರೋದು, ಹೀಗೆ. ಇದು ಬುನಾದಿ ಮಾತ್ರ. ಇದರಲ್ಲಿ ಪಾಸಾದ ಮಾತ್ರಕ್ಕೆ ಥೆರಪಿ ಡಾಗ್ ಆಗಲ್ಲ.

ಪೆಟ್ ಪಾರ್ಟ್ನರ್ಸ್ ಪರೀಕ್ಷೆಯಲ್ಲಿ ವಾರ್ಡಿನಲ್ಲಿ ನಡೆಯೋದನ್ನೇ ನಾಟಕ ಮಾಡಿ ತೋರಿಸ್ತಾರೆ. ಒಬ್ಬರು ಒರಟಾಗಿ ಸವರ್ತಾರೆ. ಒಬ್ಬರು ಬಿಗಿಯಾಗಿ ಅಪ್ಪಿಕೊಳ್ತಾರೆ. ಒಬ್ಬರು ತೂರಾಡ್ತಾ ಬರ್ತಾರೆ. ಹಿಂದಿನಿಂದ ಯಾರೋ ಡಿಕ್ಕಿ ಹೊಡೀತಾರೆ, ಇಬ್ಬರು ಜಗಳ ಆಡೋ ಹಾಗೆ ಕಿರುಚ್ತಾರೆ. ನಾಯಿ ಬೆಚ್ಚಿಬೀಳಬಹುದು, ತಪ್ಪಿಲ್ಲ. ಬೆಚ್ಚಿದ ಮೇಲೆ ಬೇಗ ಸುಧಾರಿಸ್ಕೊಳ್ಳುತ್ತಾ ಅನ್ನೋದನ್ನ ನೋಡ್ತಾರೆ. ಜೊತೆಗೆ ಮಾಲೀಕರು ಆಗ ಏನು ಮಾಡಿದ್ರು, ನಾಯಿಗೆ ಧೈರ್ಯ ಹೇಳಿದ್ರಾ, ಹಗ್ಗ ಎಳೆದು ಗದರಿದ್ರಾ ಅನ್ನೋದಕ್ಕೂ ಅಂಕ ಇದೆ.

ಸರ್ಟಿಫಿಕೇಟ್ ಯಾರಿಗೆ?

ಪಾಸಾಗೋದು ಜೋಡಿ. ಅಪ್ಪನ ಜೊತೆ ಪರೀಕ್ಷೆ ಕೊಟ್ಟ ನಾಯಿಯನ್ನ ಮಗಳು ಭೇಟಿಗೆ ಕರ್ಕೊಂಡು ಹೋಗೋ ಹಾಗಿಲ್ಲ. ಮಗಳೂ ಅದೇ ನಾಯಿ ಜೊತೆ ಪರೀಕ್ಷೆ ಕೊಡಬೇಕು. ಎರಡು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ, ಯಾಕಂದ್ರೆ ವಯಸ್ಸಾದ ಹಾಗೆ ನಾಯಿಗೂ ಮೈಕೈ ನೋವು, ಸಿಟ್ಟು ಬರುತ್ತೆ.

ಸರ್ಟಿಫಿಕೇಟ್ ಕೊಡೋದು ಸರ್ಕಾರ ಅಲ್ಲ, ಇಂಥ ಸಂಸ್ಥೆಗಳು. ಹಾಗಾಗಿ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ್ರೆ ನಾಯಿಯನ್ನ ನೋಡದೇ ಕಾರ್ಡ್, ಕೋಟು ಮನೆಗೆ ಕಳಿಸೋರೂ ಇದ್ದಾರೆ. ನಾಯಿಯನ್ನ ಮುಟ್ಟಿ ನೋಡದೆ ಕೊಟ್ಟ ಕಾರ್ಡಿಗೆ ಬೆಲೆ ಇಲ್ಲ. ಅದನ್ನ ನಂಬಿ ವಾರ್ಡಿಗೆ ಬಿಟ್ರೆ ಕಷ್ಟ ಅನುಭವಿಸೋದು ಹಾಸಿಗೆ ಮೇಲಿರೋ ರೋಗಿ.

ಭೇಟಿ ದಿನದ ನಿಯಮ

ಹೋಗೋ ಮುಂಚೆ ನಾಯಿಗೆ ಸ್ನಾನ ಮಾಡಿಸಬೇಕು, ಉಗುರು ಕತ್ತರಿಸಬೇಕು, ಉಣ್ಣೆ ಇದೆಯಾ ನೋಡಬೇಕು. ಭೇದಿ, ವಾಂತಿ, ಚರ್ಮದ ಗಾಯ ಇದ್ರೆ ಆ ದಿನ ರಜೆ. ವಾರ್ಡಿನಲ್ಲಿ ಮೊದಲು ರೋಗಿಯನ್ನ ಕೇಳಬೇಕು. ನಾಯಿ ಅಂದ್ರೆ ಭಯ ಇರೋರು, ಅಲರ್ಜಿ ಇರೋರು, ಮಡಿ ಮೈಲಿಗೆ ನೋಡೋರು ಇರ್ತಾರೆ. ಬೇಡ ಅಂದ್ರೆ ಮುಗೀತು, ಮುಂದಿನ ಹಾಸಿಗೆ. ನಾಯಿ ಮುಟ್ಟೋ ಮುಂಚೆ ಮತ್ತು ಮುಟ್ಟಿದ ಮೇಲೆ ಎಲ್ಲರೂ ಕೈ ತೊಳೀಬೇಕು. ಗಾಯ, ಡ್ರಿಪ್ ಹಾಕಿದ ಜಾಗ ನೆಕ್ಕೋಕೆ ಬಿಡಬಾರದು. ಹಗ್ಗ ಒಂದು ಕ್ಷಣಾನೂ ಕೈಬಿಡಬಾರದು.

ಒಂದು ದಿನಕ್ಕೆ ಹೆಚ್ಚು ಅಂದ್ರೆ 2 ಗಂಟೆ. ಅದಕ್ಕೂ ಮುಂಚೆ ನಾಯಿ 'ಸಾಕು' ಅನ್ನಬಹುದು. ಪದೇ ಪದೇ ಆಕಳಿಸೋದು, ತುಟಿ ನೆಕ್ಕೋದು, ಮುಖ ಆ ಕಡೆ ತಿರುಗಿಸೋದು, ಬಾಲ ಮುದುರೋದು, ಕಣ್ಣಿನ ಬಿಳಿ ಕಾಣೋ ಹಾಗೆ ಓರೆಯಾಗಿ ನೋಡೋದು ಇದರ ಸೂಚನೆ. ಇನ್ನೂ ನಾಲ್ಕು ಜನ ಕಾಯ್ತಿದ್ರೂ ಆಗ ಹೊರಗೆ ಕರ್ಕೊಂಡು ಬರಬೇಕು.

ನಮ್ಮಲ್ಲಿ ಇದೆಯಾ?

ಇದೆ. ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆ 'ಡಾಕ್ಟರ್ ಡಾಗ್' ಕಾರ್ಯಕ್ರಮ ನಡೆಸಿದೆ. ಇದರ ಮೂಲ ಹಾಂಗ್‌ಕಾಂಗ್, 1991ರಲ್ಲಿ ಜಿಲ್ ರಾಬಿನ್ಸನ್ ಶುರು ಮಾಡಿದ್ದು. ಮುಂಬೈ ಕಡೆ ಅನಿಮಲ್ ಏಂಜಲ್ಸ್ ಫೌಂಡೇಶನ್ ವಿಶೇಷ ಚೇತನ ಮಕ್ಕಳ ಜೊತೆ ಈ ಕೆಲಸ ಮಾಡಿದೆ.

ಆದ್ರೆ ನಮ್ಮ ದೇಶದಲ್ಲಿ ರೇಬಿಸ್ ಇನ್ನೂ ಇದೆ ಅನ್ನೋದನ್ನ ಮರೀಬಾರದು. ಮರಿಗೆ 3 ತಿಂಗಳಿಗೆ ಮೊದಲ ಲಸಿಕೆ, ಆಮೇಲೆ ಬೂಸ್ಟರ್, ಮುಂದೆ ಪ್ರತಿ ವರ್ಷ. ಲಸಿಕೆ ಪುಸ್ತಕ ಇಲ್ಲದ ನಾಯಿ ಎಷ್ಟೇ ಸಾಧು ಇದ್ರೂ ವೃದ್ಧಾಶ್ರಮದ ಗೇಟ್ ದಾಟಬಾರದು. ಯಾರಿಗಾದ್ರೂ ಹಲ್ಲು, ಉಗುರು ತಾಗಿ ಗಾಯ ಆದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು.

ಆಸಕ್ತಿ ಇದ್ದವರು ಇವತ್ತೇ ಆಸ್ಪತ್ರೆಗೆ ಹೋಗಬೇಕಿಲ್ಲ. ಮನೆಗೆ ನೆಂಟರು ಬಂದಾಗ ನಾಯಿಯನ್ನ ಸುಮ್ಮನೆ ಗಮನಿಸಿ. ಬಾಲ ಆಡಿಸ್ತಾ ತಾನಾಗೇ ಹತ್ತಿರ ಹೋದ್ರೆ ಮುಂದಿನ ಪಾಠ ಶುರು ಮಾಡಬಹುದು. ಮೂಲೆ ಸೇರಿದ್ರೆ ಬಿಟ್ಟುಬಿಡಿ. ಅದು ಮನೆಯಲ್ಲೇ ಇದ್ದು ಮನೆಯವರನ್ನ ನಗಿಸಲಿ, ಅದೂ ದೊಡ್ಡ ಸೇವೆನೇ.