ಮೈ ಬಿಸಿಯಾಗುವ ಮುನ್ನ

ಬಳ್ಳಾರಿಗೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ನಗೆಯಾಡುತ್ತಾರೆ. ಕುರುಗೋಡಿನಲ್ಲಿ ಶಾಲಾ ಮಕ್ಕಳ ಕ್ರೀಡಾಕೂಟ ನೋಡುತ್ತ ನಿಂತಾಗ ಆ ಮಾತು ನೆನಪಾಯಿತು. ಜಿಗಿತದ ಗುಂಡಿಗೆ ಸಿರುಗುಪ್ಪದ ಕಡೆಯಿಂದ ತುಂಗಭದ್ರೆಯ ಮರಳು ತಂದು ಸುರಿದಿದ್ದರು. ಬೇವಿನ ನೆರಳಲ್ಲಿ ಕೂತಿದ್ದ ಹುಡುಗನಿಗೆ ಮೇಷ್ಟ್ರು, "ಎದ್ದು ನಾಲ್ಕು ಸುತ್ತು ಓಡಿ ಬಾರೋ, ಮೈ ಬಿಸಿಯಾಗಲಿ" ಎಂದರು. "ಈ ಬಿಸಿಲಾಗ ಇನ್ನೇನ್ ಬಿಸಿ ಮಾಡ್ಕಳ್ಳಾದು ಸಾರ್?" ಎಂದ ಹುಡುಗ. ಎಲ್ಲರೂ ನಕ್ಕೆವು. ಮರುಕ್ಷಣ ಹೆನ್ರಿ ರೆಬೆಲ್ಲೊ ನೆನಪಾಗಿ ನನ್ನ ನಗು ನಿಂತಿತು.

ತ್ರಿವಿಧ ಜಿಗಿತವೆಂದರೆ ನಮ್ಮ ಕುಂಟೋಬಿಲ್ಲೆಯ ದೊಡ್ಡಣ್ಣ. ಓಡಿ ಬಂದು ನೆಗೆದು ಅದೇ ಕಾಲಿನ ಮೇಲೆ ಇಳಿಯಬೇಕು, ಮತ್ತೆ ಚಿಮ್ಮಿ ಇನ್ನೊಂದು ಕಾಲಿನ ಮೇಲೆ, ಕೊನೆಗೆ ಮರಳಿಗೆ. ಒಂದೊಂದು ಇಳಿತದಲ್ಲೂ ದೇಹದ ತೂಕದ ಹಲವು ಪಟ್ಟು ಭಾರ ಒಂಟಿ ಕಾಲಿನ ಮೇಲೆ ಬೀಳುತ್ತದೆ.

ಎರಡನೆಯ ಮಹಾಯುದ್ಧಕ್ಕೆ ಮುಂಚೆ ಈ ವಿದ್ಯೆ ಜಪಾನೀಯರ ಸೊತ್ತಾಗಿತ್ತು. 1928ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮಿಕಿಯೊ ಓಡ 15.21 ಮೀಟರ್ ಹಾರಿ ಚಿನ್ನ ಗೆದ್ದರು. 1932ರಲ್ಲಿ ಚುಹೇ ನಂಬು 15.72, 1936ರಲ್ಲಿ ನವೊಟೊ ತಜಿಮ 16.00. ಸತತ ಮೂರು ಚಿನ್ನ. ಯುದ್ಧ ಮುಗಿದ ಮೇಲೆ, 1948ರ ಲಂಡನ್ ಒಲಿಂಪಿಕ್ಸಿಗೆ ಜಪಾನಿಗೆ ಆಹ್ವಾನವೇ ಬರಲಿಲ್ಲ. ಕಣ ತೆರೆದಿತ್ತು.

ಓಡ ಗೆದ್ದ ವರ್ಷವೇ ಲಖನೌದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಆಟ ಕಲಿತವರು ರೆಬೆಲ್ಲೊ. ನಮ್ಮ ಬಳ್ಳಾರಿ ಆಗಿನ್ನೂ ಮದರಾಸಿಗೆ ಸೇರಿತ್ತು. ಮೈಸೂರಿಗೆ ಬಂದದ್ದು 1953ರಲ್ಲಿ. 1948ರಲ್ಲೇ ರೆಬೆಲ್ಲೊ 50 ಅಡಿ 2 ಅಂಗುಲ, ಅಂದರೆ 15.29 ಮೀಟರ್ ಹಾರಿದ್ದರು. ಲಂಡನ್ನಿಗೆ ಹೋದಾಗ ವಯಸ್ಸು ಹತ್ತೊಂಬತ್ತು. ಅಂತಿಮ ಸುತ್ತನ್ನೂ ಮುಟ್ಟಿದರು.

ವೆಂಬ್ಲಿಯಲ್ಲಿ ಅವರ ಸರದಿ ಬರುವ ಹೊತ್ತಿಗೆ ಬೇರೊಂದು ಸ್ಪರ್ಧೆಯ ಪದಕ ಪ್ರದಾನ ಶುರುವಾಯಿತು. ಕಾಯಬೇಕಾಯಿತು. ಚಳಿಗೆ ಮೈ ಆರಿತು. ಸಮಾರಂಭ ಮುಗಿದೊಡನೆ ಮತ್ತೆ ಸ್ನಾಯುಗಳನ್ನು ಹದಗೊಳಿಸಿಕೊಳ್ಳದೆಯೇ ಓಡಿದರು. ತೊಡೆಯ ಹಿಂಭಾಗದ ಸ್ನಾಯು ಹರಿಯಿತು. ಅವರ ಒಲಿಂಪಿಕ್ಸ್ ಅಲ್ಲಿಗೇ ಮುಗಿಯಿತು. ಸ್ವೀಡನ್ನಿನ ಆರ್ನೆ ಓಮನ್ 15.40 ಮೀಟರಿಗೆ ಚಿನ್ನ ಪಡೆದರು, ಕಂಚು 15.02ಕ್ಕೆ ಹೋಯಿತು. ಗೆದ್ದೇ ಬಿಡುತ್ತಿದ್ದರು ಎಂದು ಹೇಳಲಾಗದು. ಆದರೆ ಅವರು ಆಗಲೇ ಹಾರಿ ತೋರಿಸಿದ್ದ ದೂರ ಆ ಕಂಚನ್ನು ದಾಟಿತ್ತು.

ಆಮೇಲೆ ರೆಬೆಲ್ಲೊ ವಾಯುಪಡೆಯಲ್ಲಿ ದುಡಿದು ಗ್ರೂಪ್ ಕ್ಯಾಪ್ಟನ್ ಆದರು. 2013ರಲ್ಲಿ ತೀರಿಕೊಂಡರು. ಎಂಬತ್ತನಾಲ್ಕು ವರ್ಷಗಳ ಬಾಳಿನಲ್ಲಿ ನಮಗೆ ನೆನಪಿರುವುದು ಮುಗಿಯದೇ ಹೋದ ಆ ಒಂದು ಜಿಗಿತ. ಇದು ಅವರಿಗೆ ನಾವು ಮಾಡಿದ ಅನ್ಯಾಯವೂ ಹೌದು. ಪದಕವಿಲ್ಲದವರ ದುಡಿಮೆಗೆ ನಮ್ಮ ಚರಿತ್ರೆಯಲ್ಲಿ ಪುಟಗಳು ಕಡಿಮೆ.

ಈಗ ನಮ್ಮ ತೋರಣಗಲ್ಲಿನ ಬಳಿಯೇ 2018ರಿಂದ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆಯಿದೆ. ಅಲ್ಲಿಗೆ ಹೋಗಲಾಗದ ಮಕ್ಕಳಿಗೆ ಮೇಷ್ಟ್ರ ಮಾತೇ ತರಬೇತಿ. ಬಿಸಿಲು ಚರ್ಮವನ್ನು ಸುಡುತ್ತದೆ, ನಿಜ. ಕೂತು ಬಿಗಿದ ಸ್ನಾಯುವನ್ನು ಜಿಗಿತಕ್ಕೆ ಅಣಿಮಾಡುವುದು ಓಟವೇ.

ನೆರಳಿಗೆ ಹೋಗಿ ಹುಡುಗನಿಗೆ ಈ ಕತೆ ಹೇಳಿದೆ. ಸುಮ್ಮನೆ ಕೇಳಿದ. ಆಮೇಲೆ ಎದ್ದು ಮೈದಾನದ ಸುತ್ತ ಓಡತೊಡಗಿದ.