ಕ್ಯಾಸೆಟ್ಟಿನಲ್ಲಿ ತುಂಡಾದ ಶೂರ್ಪನಖಿಯ ಪದ್ಯ

1979ರ ಬೇಸಗೆಯಲ್ಲಿ ನಮ್ಮ ನೆರೆಯ ಕಾಕನ ಮಗ ದುಬೈಯಿಂದ ಒಂದು ಪ್ಯಾನಸೋನಿಕ್ ಟೇಪ್‌ರೆಕಾರ್ಡರ್ ತಂದ. ನೀರ್ಚಾಲು, ಬದಿಯಡ್ಕದ ಕಡೆ ಆಗ ಅಂಥದ್ದು ಯಾರ ಯಾರ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಹಗಲೆಲ್ಲ ಅದರಲ್ಲಿ ಮಾಪ್ಪಿಳಪ್ಪಾಟ್ಟು. ಕಂಗಿನ ತೋಟ ದಾಟಿ ನಮ್ಮ ಜಗಲಿಗೆ ಬರುತ್ತಿತ್ತು. ಕೊಯ್ಲಾದ ಗದ್ದೆಯಲ್ಲಿ ‘ಪಂಚವಟಿ’ ಆಟ ಎಂದು ಗೊತ್ತಾದದ್ದೇ ನಾನು ಹೋಗಿ ಒಂದು ರಾತ್ರಿಯ ಮಟ್ಟಿಗೆ ಕೇಳಿದೆ.

“ಕೊಂಡುಹೋಗಿ ಮಾಷ್ಟ್ರೇ. ಬ್ಯಾಟ್ರಿ ಮಾತ್ರ ನೀವೇ ಹಾಕಬೇಕು,” ಎಂದ.

ಆರು ದೊಡ್ಡ ಬ್ಯಾಟ್ರಿ, ಎರಡು ತೊಂಬತ್ತರ ಕ್ಯಾಸೆಟ್. ಬೆಳಗಿನವರೆಗಿನ ಆಟಕ್ಕೆ ಏಳಾದರೂ ಬೇಕಿತ್ತು; ಹೊಸ ಮಾಷ್ಟ್ರ ಸಂಬಳಕ್ಕೆ ಎರಡೇ ಸಂದದ್ದು. ಹಾಗಾಗಿ ಪೂರ್ವರಂಗ ಬಿಟ್ಟೆ, ಒಡ್ಡೋಲಗ ಬಿಟ್ಟೆ. ನನಗೆ ಬೇಕಾದದ್ದು ಮಾಯಾಶೂರ್ಪನಖಿ ರಾಮನನ್ನು ಕಂಡು ಹಾಡುವ ಪದ್ಯಗಳು. ಪೆಟ್ಟಿಗೆಯನ್ನು ಭಾಗವತರ ಕಾಲಬುಡದಲ್ಲಿ ಇಟ್ಟು ಪಕ್ಕದಲ್ಲೇ ಕೂತೆ. ಆ ಭಾಗವತರ ಹೆಸರು ಹೇಳುವುದಿಲ್ಲ. ಅವರು ಈಗಿಲ್ಲ, ಅಭಿಮಾನಿಗಳು ಇದ್ದಾರೆ, ಮುಂದಿನದ್ದನ್ನು ಓದಿ ಜಗಳಕ್ಕೆ ಬಂದಾರು.

ಪಂಚವಟಿಯನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬ. ಹದಿನೆಂಟನೆಯ ಶತಮಾನದವನು ಎನ್ನುತ್ತಾರೆ. ಅವನ ಪದ್ಯಗಳಲ್ಲಿ ಬರುವ ಕಣ್ವಪುರದ ಕೃಷ್ಣ ಈಗಲೂ ಕುಂಬಳೆ ಪೇಟೆಯ ಕಣಿಪುರ ದೇವಸ್ಥಾನದಲ್ಲಿದ್ದಾನೆ. ಈ ಸುಬ್ಬ ನಮ್ಮವನೇ ಹೌದೋ ಅಲ್ಲವೋ ಎಂದು ದೊಡ್ಡ ವಾದ ನಡೆದಿತ್ತು. ಮುಳಿಯ ತಿಮ್ಮಪ್ಪಯ್ಯನವರು ಕುಂಬಳೆಯವನೆಂದರು. ಶಿವರಾಮ ಕಾರಂತರು ಒಪ್ಪದೆ ಬಡಗಿನ ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನ ಕಡೆ ಕೈ ತೋರಿಸಿದರು. ಆಮೇಲೆ ಕುಕ್ಕಿಲ ಕೃಷ್ಣ ಭಟ್ಟರು ಪ್ರಸಂಗಗಳನ್ನು ಸಂಪಾದಿಸಿ ಮತ್ತೆ ಕುಂಬಳೆಗೇ ತಂದು ನಿಲ್ಲಿಸಿದರು. ನಾನು ಕುಂಬಳೆ ಸೀಮೆಯವನು. ನನ್ನ ತೀರ್ಪು ಏನೆಂದು ಕೇಳಬೇಕಾಗಿಲ್ಲ.

ನನ್ನ ಕುತೂಹಲ ಅವನ ಊರಿನದ್ದಲ್ಲ. ಪಾರ್ತಿ ಎಂಬುದು ತಾಯಿಯ ಹೆಸರು ಎನ್ನುತ್ತಾರೆ. ತಾಯಿಯ ಹೆಸರಿನಿಂದಲೇ ಗುರುತಾದ ಈ ಕವಿ, ರಾಮಾಯಣದಷ್ಟು ದೊಡ್ಡ ಕತೆ ಕೈಯಲ್ಲಿರುವಾಗ, ಬಾಯಿಬಿಟ್ಟು ಪ್ರೀತಿ ಕೇಳುವ ಪದ್ಯಗಳನ್ನು ಇನ್ನು ಸ್ವಲ್ಪ ಹೊತ್ತಿಗೆ ಮೂಗು ಕೊಯ್ಯಿಸಿಕೊಳ್ಳಲಿರುವವಳಿಗೆ ಕೊಟ್ಟ. ರಾಮ ಅವಳನ್ನು ತಮ್ಮನ ಕಡೆಗೆ ಕಳಿಸುತ್ತಾನೆ, ತಮ್ಮ ಅಣ್ಣನ ಕಡೆಗೆ. ಅತ್ತಿಂದಿತ್ತ ನಡೆದಾಡುವ ಆ ಹೆಣ್ಣನ್ನು ನೋಡಿ ಸಭೆ ನಗುತ್ತದೆ. ನಗಲಿ, ಅದು ಆಟ. ಆದರೆ ಭಾಗವತರೂ ನಗೆಯ ಜೊತೆಗೆ ಸೇರಿ ಪದ್ಯವನ್ನು ಓಡಿಸಿದರೆ ನನಗೆ ಸಿಟ್ಟು ಬರುತ್ತದೆ. ಅವಳಿಗೆ ತನ್ನ ಮೂಗಿನ ಗತಿ ಗೊತ್ತಿಲ್ಲವಲ್ಲ! ಆ ಪದ್ಯಗಳನ್ನು ನಂಬಿ, ನಿಧಾನವಾಗಿ ಹಾಡಬೇಕು.

ಆ ರಾತ್ರಿಯ ಭಾಗವತರು ಹಾಗೆ ಹಾಡಿದರು. ಚೆಂಡೆಯವರು ಕೋಲು ಮಡಿಲಲ್ಲಿಟ್ಟು ಎಲೆಯಡಿಕೆ ಬಿಚ್ಚಿದರು. ಮದ್ದಳೆ ಮಾತ್ರ, ಅದೂ ಬೆರಳ ತುದಿಯಲ್ಲಿ. ಸ್ತ್ರೀವೇಷದವರು ಒಂದೊಂದು ಸಾಲಿಗೆ ಎರಡೆರಡು ಸಲ ಕುಣಿದರು. ಭಾಗವತರು ಕೊನೆಯ ಚರಣಕ್ಕೆ ಸ್ವರ ಏರಿಸಿದರು, ಅಷ್ಟರಲ್ಲಿ ನನ್ನ ಪೆಟ್ಟಿಗೆ ಟಕ್ ಎಂದಿತು. ನಲುವತ್ತೈದು ನಿಮಿಷ ಮುಗಿದಿತ್ತು. ಟಾರ್ಚ್ ಹುಡುಕಿ, ಕ್ಯಾಸೆಟ್ ಮಗುಚಿ, ಗುಂಡಿ ಒತ್ತುವಾಗ ಲಕ್ಷ್ಮಣ ಮಾತಾಡುತ್ತಿದ್ದ.

ಯಕ್ಷಗಾನದ ಪದ್ಯ ರಂಗಸ್ಥಳ ಬಿಟ್ಟು ಮನೆಯೊಳಗೆ ಬಂದದ್ದು ಹೀಗೆ. ಅದಕ್ಕೆ ಮೊದಲು ಬಾಯಿಪಾಠವೇ ದಾರಿ. ಪೆರ್ಲದ ಆಚೆಯ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ತಮ್ಮದೇ ಹೆಸರಿನ ಅಜ್ಜನ ದಾರಿಯಲ್ಲಿ ನಡೆದು, ಪ್ರಸಂಗಪುಸ್ತಕ ನೋಡದೆ ರಾತ್ರಿಯಿಡೀ ಹಾಡಬಲ್ಲವರಾದರು. ಕಟೀಲು ಮೇಳದಲ್ಲಿ ಅವರ ಏರುಶ್ರುತಿಯನ್ನು ಕೇಳಿದವರಿಗೆ ಮೈಕ್ ಯಾಕೆ ಬೇಕು ಎಂದು ಅನಿಸುತ್ತಿತ್ತು. ‘ಬಲಿಪ ಶೈಲಿ’ ಎಂಬ ಮಾತೇ ಹುಟ್ಟಿತು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪುಸ್ತಕದಲ್ಲಿಲ್ಲದ ಎಷ್ಟೋ ನಡೆಗಳು ಜೊತೆಗೇ ಹೋದವು.

1976ರ ಡಿಸೆಂಬರಿನಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ತಾಳಮದ್ದಳೆ ರೇಡಿಯೋದಲ್ಲಿ ಬಂತು. ಮತ್ತೆ ಗಲ್ಫಿನ ಪೆಟ್ಟಿಗೆಗಳು. ಎಂಬತ್ತರ ದಶಕದಲ್ಲಿ ಅಂಗಡಿಯ ಕ್ಯಾಸೆಟ್ಟುಗಳು. ಇಡೀ ರಾತ್ರಿಯ ಪ್ರಸಂಗ ಒಂದು ಗಂಟೆಗೆ ಇಳಿಯಬೇಕಾದರೆ ಕತ್ತರಿ ಮೊದಲು ಎಲ್ಲಿ ಬೀಳಬೇಕು? ಯುದ್ಧದ ಏರುಪದ್ಯಕ್ಕೆ ಗಿರಾಕಿ ಇದೆ, ಅರ್ಥಧಾರಿಗಳ ವಾದಕ್ಕೆ ಇದೆ. ಶೃಂಗಾರದ ನಿಧಾನದ ಪದ್ಯ ಎರಡೇ ನಿಮಿಷಕ್ಕೆ ಬಂತು. ಅಷ್ಟಾದರೂ ಉಳಿಯಿತಲ್ಲ ಎಂದು ಹೇಳುವವರಿದ್ದಾರೆ. ಬಸ್ಸಿನಲ್ಲಿ, ಹೋಟೆಲಿನಲ್ಲಿ ಅದನ್ನು ಕೇಳಿ ಗುನುಗುವವರೂ ಆದರು, ಆಟಕ್ಕೆ ಎಂದೂ ಹೋಗದವರು.

ಟೆಕ್ಸಾಸಿನಲ್ಲಿರುವ ನನ್ನ ಅಳಿಯ ಒಮ್ಮೆ ಊರಿಗೆ ಬಂದಾಗ ಅಲ್ಲಿನ ಒಂದು ಹಳೆಯ ಪ್ರೇಮಗೀತೆ ಕೇಳಿಸಿದ: ‘ಫೇಡೆಡ್ ಲವ್’, ಬಾಬ್ ವಿಲ್ಸ್ ಮತ್ತು ಅವನ ಟೆಕ್ಸಾಸ್ ಪ್ಲೇಬಾಯ್ಸ್ ಮೇಳದ್ದು, 1950ರದ್ದು. ಪಿಟೀಲು ಬಾರಿಸುವ ಹಳ್ಳಿಯ ಕುಣಿತದ ಸಂಗೀತಕ್ಕೆ ಪಟ್ಟಣದ ಜಾಝ್ ಬೆರೆಸಿದ್ದನ್ನು ಅವರು ವೆಸ್ಟರ್ನ್ ಸ್ವಿಂಗ್ ಎನ್ನುತ್ತಾರಂತೆ. ಬಾಬನ ಅಪ್ಪನೂ ಪಿಟೀಲಿನವನೇ. 1856ರ ಒಂದು ಹಾಡಿನ ಮಟ್ಟನ್ನು ಅಪ್ಪ ಮಗ ಸೇರಿ ತಿರುಗಿಸಿದರು, ತಮ್ಮ ಬಿಲ್ಲಿ ಜ್ಯಾಕ್ ಪದ ಹೊಂದಿಸಿದ. ಹಳೆಯ ಮಟ್ಟಿಗೆ ಹೊಸ ಪದ ಕೂಡಿಸುವುದು ನಮ್ಮ ಪ್ರಸಂಗಕರ್ತರ ಕಸುಬೂ ಹೌದು. ಹಾಡಿನ ನಡುವೆ ಬಾಬ್ ‘ಆ...ಹಾ’ ಎಂದು ಕೂಗುವ ಪದ್ಧತಿಯಂತೂ ಚೌಕಿಯಿಂದ ಬಂದ ಹಾಗಿತ್ತು! 1963ರ ಫೆಬ್ರವರಿಯಲ್ಲಿ ಪ್ಯಾಟ್ಸಿ ಕ್ಲೈನ್ ಎಂಬವಳು ಅದನ್ನೇ ಹಾಡಿದಳು. ಮರುತಿಂಗಳು ವಿಮಾನ ಅಪಘಾತದಲ್ಲಿ ಸತ್ತಳು. ಅದನ್ನೂ ಕೇಳಿಸಿದ. ಗಂಡಸರ ಮೇಳದ ಹಾಡು ಹೆಂಗಸಿನ ಬಾಯಲ್ಲಿ ಬೇರೆಯೇ ಆಗಿತ್ತು.

ಆಗ ನನಗೆ ಮಧೂರು ನೆನಪಾಯಿತು. ಶೂರ್ಪನಖಿಯ ಪದ್ಯ ಬರೆದವನು ಗಂಡಸು, ಹಾಡಿದವರು ಗಂಡಸರು, ಅವಳಾಗಿ ಕುಣಿದವರೂ ಗಂಡಸರು. ಎಷ್ಟೋ ತಲೆಮಾರು ಹಾಗೇ ನಡೆಯಿತು. ಮಧೂರಿನಲ್ಲಿ 1947ರಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಶಾಸ್ತ್ರೀಯ ಸಂಗೀತ ಕಲಿತವರು. ಮದುವೆಯಾದ ಮೇಲೆ, ಹಿಮ್ಮೇಳದವರಾದ ಗಂಡ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತು, ವೃತ್ತಿಮೇಳದಲ್ಲಿ ಜಾಗಟೆ ಹಿಡಿದು ರಾತ್ರಿಯಿಡೀ ಕೂತ ಮೊದಲ ಹೆಂಗಸು. ಅವರು ಶೃಂಗಾರದ ಪದ್ಯ ಎತ್ತಿದರೆ ಸಭೆಯಲ್ಲಿ ನಗೆ ತಡವಾಗಿ ಬರುತ್ತಿತ್ತು. ಕೆಲವರಿಗೆ ಅದು ‘ಸಂಗೀತ ಹೆಚ್ಚಾಯಿತು’ ಎಂದು ಅನಿಸಿತು. ನನಗೆ ಹಾಗೆ ಅನಿಸಲಿಲ್ಲ. 2024ರ ಡಿಸೆಂಬರಿನಲ್ಲಿ ಅವರೂ ಹೋದರು.

ನನ್ನ ಕ್ಯಾಸೆಟ್ಟಿಗೆ ಬರುತ್ತೇನೆ. ಅದನ್ನು ಕೊಂಡುಹೋಗಿ ಪ್ರತಿ ಮಾಡಿದವರು ಹಲವರು, ಪ್ರತಿಯ ಪ್ರತಿ ಮಾಡಿದವರು ಇನ್ನೂ ಹಲವರು. “ಆ ಭಾಗವತರ ಶ್ರುತಿ ಎಷ್ಟು ಏರು, ನಡೆ ಎಷ್ಟು ಚುರುಕು!” ಎಂದು ಎಳೆಯ ಭಾಗವತರೊಬ್ಬರು ಸಭೆಯಲ್ಲೇ ಹೊಗಳಿದರು, ಹಾಗೆಯೇ ಕಲಿತು ಹಾಡಿಯೂ ತೋರಿಸಿದರು. ಕೇಳಿದಾಗ ನನಗೆ ಮೈ ತಣ್ಣಗಾಯಿತು. ಆ ರಾತ್ರಿ ಪಕ್ಕದಲ್ಲಿ ಕೂತವನು ನಾನು; ಅವರು ಅಷ್ಟು ಏರಿನಲ್ಲಿ ಹಾಡಿರಲಿಲ್ಲ. ಬ್ಯಾಟ್ರಿ ಸೋತಾಗ ಟೇಪು ನಿಧಾನ ಓಡಿತ್ತು. ಮನೆಯ ಕರೆಂಟಿನಲ್ಲಿ ಹಾಕುವಾಗ ಅದೇ ಟೇಪು ಸರಿಯಾದ ವೇಗದಲ್ಲಿ ಓಡಿ, ಶ್ರುತಿಯನ್ನೂ ನಡೆಯನ್ನೂ ಏರಿಸಿಬಿಟ್ಟಿತ್ತು. ಹಾಗೆ, ನನ್ನ ಆರು ಬ್ಯಾಟ್ರಿಗಳಿಂದ ಒಂದು ಶೈಲಿ ಹುಟ್ಟಿತು. ಅಂದೇ ಎದ್ದು ಹೇಳಬೇಕಿತ್ತು, ಹೇಳಲಿಲ್ಲ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗ ಬಂದಿದ್ದ. ಭಾಗವತಿಕೆ ಕಲಿಯುತ್ತಿದ್ದಾನೆ. ಪ್ರತಿಯ ಪ್ರತಿ ಅವನ ಮೊಬೈಲಿನಲ್ಲಿತ್ತು, ಟಕ್ ಎಂಬ ಸದ್ದಿನ ಸಮೇತ.

“ಅಜ್ಜ, ಇಲ್ಲಿ ತುಂಡಾಗಿದೆ. ಮುಂದೆ ಹೇಗೆ?”

ಕುಕ್ಕಿಲದವರ ಪುಸ್ತಕ ತೆಗೆದುಕೊಟ್ಟೆ. ಚರಣದ ಅಕ್ಷರಗಳೆಲ್ಲ ಅದರಲ್ಲಿವೆ. ಅವನು ಓದಿದ, ತಲೆ ಅಲ್ಲಾಡಿಸಿದ. “ಇದು ನನ್ನಲ್ಲೂ ಉಂಟು. ಅವರು ಹೇಳಿದ್ದು ಹೇಗೆ?” ಎಂದು ಮೊಬೈಲ್ ನನ್ನ ಎದುರು ಇಟ್ಟ.

ಶ್ರುತಿ ಎರಡು ಮನೆ ಇಳಿಸಲು ಹೇಳಿದೆ. ಮತ್ತೆ, ಫ್ಯಾನ್ ಆಫ್ ಮಾಡಲು ಹೇಳಿದೆ.